ಉಸಿರಿಗಾಗಿ ಸೂಪರ್‌ಮ್ಯಾನ್ ಮಾಡಿದ ಫೈಟ್!

‘ಸೂಪರ್‌ಮ್ಯಾನ್ 3’ ನೋಡಿದವರಿಗೆ ಆ ಸೀನು ನೆನಪಿರಲೇಬೇಕು. 1983ರ ಚಿತ್ರ. ಕಾರ್ಖಾನೆಗೆ ಬೆಂಕಿ ಬಿದ್ದಿದೆ. ಆರಿಸೋಕೆ ನೀರು ಸಾಲದು. ನಮ್ಮ ಹೀರೋ ಹಾರಿ ಹೋಗಿ ಒಂದು ಸರೋವರದ ಮೇಲೆ ‘ಉಫ್’ ಅಂತ ಊದುತ್ತಾನೆ. ಅಷ್ಟೇ! ನೀರೆಲ್ಲ ಗಡ್ಡೆ ಕಟ್ಟುತ್ತದೆ. ಆ ಮಂಜುಗಡ್ಡೆಯನ್ನ ಊಟದ ತಟ್ಟೆ ಎತ್ತಿದ ಹಾಗೆ ಎತ್ತಿಕೊಂಡು ಬಂದು ಬೆಂಕಿಯ ಮೇಲೆ ಬಿಡುತ್ತಾನೆ. ಒಂದೇ ಒಂದು ಉಸಿರಿನ ಮಹಿಮೆ!

ಆ ಹೀರೋ ಕ್ರಿಸ್ಟೋಫರ್ ರೀವ್. ಆರಡಿ ನಾಲ್ಕಿಂಚಿನ ಆಳು. 1978ರಲ್ಲಿ ಮೊದಲ ‘ಸೂಪರ್‌ಮ್ಯಾನ್’ ತೆರೆಕಂಡಾಗ, ಮನುಷ್ಯ ಹಾರಬಲ್ಲ ಅಂತ ನೀವೇ ನಂಬುತ್ತೀರಿ ಎಂದು ಪೋಸ್ಟರಿನಲ್ಲಿ ಹಾಕಿದ್ದರು. ಜನ ನಂಬಿದರು ಕೂಡ! ನಾನು ಹುಟ್ಟೋಕೂ ಮುಂಚಿನ ಚಿತ್ರ ಅದು. ಟೀವಿಯಲ್ಲಿ ನೋಡಿದ ನಾನೇ ನಂಬಿಬಿಟ್ಟಿದ್ದೆ ಅಂದಮೇಲೆ, ಟಾಕೀಸಿನಲ್ಲಿ ನೋಡಿದವರ ಗತಿ ಕೇಳಬೇಕೆ?

ಸರೋವರ ಗಡ್ಡೆಕಟ್ಟಿಸಿದ ಆ ಸೀನು ಬಂದ 12 ವರ್ಷಕ್ಕೆ, 1995ರ ಮೇ 27ರಂದು, ಅದೇ ಮನುಷ್ಯ ಅಮೆರಿಕದ ವರ್ಜೀನಿಯಾ ರಾಜ್ಯದ ಕಲ್ಪೆಪರ್ ಎಂಬ ಊರಿನ ಮೈದಾನದಲ್ಲಿ ಬಿದ್ದಿದ್ದ. ಕೈ ಆಡಲಿಲ್ಲ, ಕಾಲು ಆಡಲಿಲ್ಲ. ಅದು ಹಾಗಿರಲಿ, ಒಂದು ಉಸಿರು ಎಳೆದುಕೊಳ್ಳೋಕೂ ಅವನ ಕೈಲಿ ಆಗಲಿಲ್ಲ!

ಓದುಗ ಮಿತ್ರರೇ, ಆ ಒಂದು ಉಸಿರಿಗಾಗಿ ರೀವ್ ಒಂಬತ್ತು ವರ್ಷ ಮಾಡಿದ ಫೈಟಿನ ಕಥೆ ಇದು. ಇದಕ್ಕೆ ಡೂಪ್ ಹಾಕೋಕಾಗಲ್ಲ. ಬೈಕು ಓಡಿಸೋ, ಕೆರೆ-ನಾಲೆಗೆ ಧುಮುಕೋ, ಸ್ಟಾರ್ ಕಟೌಟ್ ಹತ್ತೋ ನಮ್ಮಂಥವರು ತಿಳಿದಿರಲೇಬೇಕಾದ ಕಥೆ.

ಕುದುರೆ ನಿಂತಿತು, ಸವಾರ ನಿಲ್ಲಲಿಲ್ಲ

ರೀವ್‌ಗೆ ಕುದುರೆ ಅಂದರೆ ಮೈಗೆ ಆಗುತ್ತಿರಲಿಲ್ಲ, ಅಲರ್ಜಿ. ಆದರೂ ‘ಅನ್ನಾ ಕರೆನಿನಾ’ (1985) ಟೀವಿ ಚಿತ್ರಕ್ಕಾಗಿ ಸವಾರಿ ಕಲಿತ. ಕಲಿತವನಿಗೆ ಹುಚ್ಚೇ ಹಿಡಿಯಿತು. ಸ್ಪರ್ಧೆಗೆ ಇಳಿದ. ಅವತ್ತು ಮೂರನೇ ಅಡ್ಡಗಟ್ಟೆ ಹಾರಬೇಕು. ಓಡಿ ಬಂದ ಕುದುರೆ ಗಕ್ಕನೆ ನಿಂತಿತು. ಸವಾರ ಮುಂದಕ್ಕೆ ಹಾರಿದ. ಕೈ ಊರಿ ಬಿದ್ದಿದ್ದರೆ ಮಣಿಕಟ್ಟು ಮುರಿದು ಉಳಿಯುತ್ತಿತ್ತೋ ಏನೋ, ಆದರೆ ಕೈಗಳು ಕಡಿವಾಣದಲ್ಲಿ ಸಿಕ್ಕಿಕೊಂಡಿದ್ದವು. ಇಡೀ ಮೈಭಾರ ತಲೆಯ ಮೇಲೆ ಬಿತ್ತು. ತಲೆಗೆ ಹೆಲ್ಮೆಟ್ ಇತ್ತು, ಕುತ್ತಿಗೆಗೆ ಏನಿತ್ತು? ಕುತ್ತಿಗೆಯ ಮೊದಲೆರಡು ಮೂಳೆಗಳು ಮುರಿದವು.

ವಿಧಿಯಾಟ ನೋಡಿ. ಅದಕ್ಕೆ ಕೆಲವೇ ದಿನ ಮುಂಚೆ ‘ಅಬೋವ್ ಸಸ್ಪಿಷನ್’ ಎಂಬ ಅವನ ಟೀವಿ ಚಿತ್ರ ಪ್ರಸಾರವಾಗಿತ್ತು. ಅದರಲ್ಲಿ ಅವನದು ಗುಂಡೇಟು ತಿಂದು ಗಾಲಿಕುರ್ಚಿ ಸೇರಿದ ಪೊಲೀಸ್ ಅಧಿಕಾರಿಯ ಪಾತ್ರ! ಪಾತ್ರಕ್ಕಾಗಿ ಬೆನ್ನುಹುರಿ ಪೆಟ್ಟಿನವರನ್ನ ಕಂಡು ಮಾತಾಡಿಸಿ ಬಂದಿದ್ದ.

ಮೈದಾನದಲ್ಲೇ ಇದ್ದ ತುರ್ತು ಸಿಬ್ಬಂದಿ ಕೆಲವೇ ನಿಮಿಷದಲ್ಲಿ ಅವನ ಶ್ವಾಸಕೋಶಕ್ಕೆ ಗಾಳಿ ಒತ್ತಿದರು. ಅದು ತಡವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಉಸಿರು ಏಕೆ ನಿಂತಿತು?

ಇಲ್ಲಿ ಸ್ವಲ್ಪ ಪಾಠ. ಹೆದರಬೇಡಿ, ನಾನೇ ಪಿಯುಸಿ ಅರ್ಧಕ್ಕೆ ಬಿಟ್ಟವನು. ನನಗೆ ಅರ್ಥವಾಗಿದೆ ಅಂದಮೇಲೆ ನಿಮಗೆ ಆಗದೆ ಇರುತ್ತಾ?

ಶ್ವಾಸಕೋಶಕ್ಕೆ ಸ್ವಂತ ಶಕ್ತಿ ಇಲ್ಲ. ಅದು ಬರೀ ಚೀಲ. ಕಮ್ಮಾರನ ಕುಲುಮೆಯ ತಿದಿ ನೋಡಿದ್ದೀರಲ್ಲ? ಚರ್ಮದ ಚೀಲ ತಾನಾಗಿ ಗಾಳಿ ಎಳೆಯಲ್ಲ, ಹಿಡಿ ಹಿಡಿದು ಯಾರೋ ಎಳೆಯಬೇಕು. ನಮ್ಮ ಮೈಯಲ್ಲಿ ಹಾಗೆ ಎಳೆಯೋನು ವಪೆ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದ ಹಾಗೆ ಹರಡಿರೋ ಸ್ನಾಯು. ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಚಿತ್ರ ಬರೆದು ಮರೆತುಬಿಟ್ಟೆವಲ್ಲ, ಅದೇ. ಅದು ಕೆಳಗಿಳಿದರೆ ಗಾಳಿ ಒಳಗೆ, ಮೇಲೇರಿದರೆ ಹೊರಗೆ. ಸುಮ್ಮನೆ ಕೂತಿದ್ದಾಗಿನ ಉಸಿರಾಟದ ಹೆಚ್ಚಿನ ಪಾಲು ಈ ಒಬ್ಬನದೇ ದುಡಿಮೆ.

ಇವನಿಗೆ ಮೂವರು ಸಹಾಯಕ ನಟರು. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಎದೆಗೂಡನ್ನ ಅಗಲಿಸುತ್ತವೆ. ಕುತ್ತಿಗೆಯ ಸ್ನಾಯುಗಳು ಏದುಸಿರು ಬಂದಾಗ ಎದೆಯನ್ನ ಮೇಲಕ್ಕೆ ಎತ್ತುತ್ತವೆ. ಇನ್ನು ಹೊಟ್ಟೆಯ ಸ್ನಾಯುಗಳು ಗಾಳಿಯನ್ನ ಜೋರಾಗಿ ಹೊರದಬ್ಬುತ್ತವೆ. ಕೆಮ್ಮೋದು, ಸೀನೋದು, ಕೂಗೋದು, ಹೀರೋ ಎಂಟ್ರಿಗೆ ಶಿಳ್ಳೆ ಹೊಡೆಯೋದು, ಇದಕ್ಕೆಲ್ಲ ಹೊಟ್ಟೆಯ ಒತ್ತು ಬೇಕು.

ಈ ಎಲ್ಲರಿಗೂ ಮಿದುಳಿನಿಂದ ಅಪ್ಪಣೆ ಬರಬೇಕು. ಬರೋ ದಾರಿ ಬೆನ್ನುಹುರಿ. ಕುತ್ತಿಗೆಯಲ್ಲಿರೋದು ಏಳು ಮೂಳೆ. ವಪೆಯ ನರ ಹೊರಡೋದು ಬೆನ್ನುಹುರಿಯ ಮೂರು, ನಾಲ್ಕು, ಐದನೇ ಕುತ್ತಿಗೆ ಮಟ್ಟದಿಂದ. ವೈದ್ಯಕೀಯ ಓದೋ ಹುಡುಗರು ಇದನ್ನ ಪ್ರಾಸ ಕಟ್ಟಿ ಬಾಯಿಪಾಠ ಮಾಡುತ್ತಾರಂತೆ. ಪಕ್ಕೆಲುಬಿನ ನರಗಳು ಅದಕ್ಕೂ ಕೆಳಗೆ, ಎದೆಯ ಮಟ್ಟದಲ್ಲಿ. ಹೊಟ್ಟೆಯ ನರಗಳು ಇನ್ನೂ ಕೆಳಗೆ.

ಟಾಕೀಸಿನ ಲೆಕ್ಕದಲ್ಲಿ ಹೇಳುತ್ತೇನೆ. ಮಿದುಳು ಅಂದರೆ ಪ್ರೊಜೆಕ್ಟರ್ ರೂಮು. ಮೈ ಅಂದರೆ ಪರದೆ. ಯಾವನೋ ಕಿಡಿಗೇಡಿ ಪರದೆಯ ಹತ್ತಿರ ನಿಂತು ಕೈ ಅಡ್ಡ ಹಿಡಿದರೆ ಒಂದು ಮೂಲೆ ಮಾತ್ರ ಕಪ್ಪಾಗುತ್ತೆ, ಪಿಕ್ಚರ್ ನಡೆಯುತ್ತೆ. ಅದೇ ಕೈಯನ್ನ ಪ್ರೊಜೆಕ್ಟರಿನ ಕಿಂಡಿಗೇ ಹಿಡಿದರೆ? ಇಡೀ ಪರದೆ ಕತ್ತಲು! ಬೆನ್ನುಹುರಿಯೂ ಹಾಗೇ. ಸೊಂಟದಲ್ಲಿ ಪೆಟ್ಟಾದರೆ ಕಾಲು ಹೋಗಬಹುದು, ಉಸಿರಿಗೆ ಅಷ್ಟಾಗಿ ತೊಂದರೆಯಿಲ್ಲ. ಎದೆಯ ಮಟ್ಟದಲ್ಲಾದರೆ ಕೆಮ್ಮಿನ ಬಲ ಕುಗ್ಗುತ್ತೆ. ಕುತ್ತಿಗೆಯ ಕೆಳಭಾಗದಲ್ಲಾದರೆ ವಪೆ ಉಳಿಯುತ್ತೆ, ಅದರ ಸಹಾಯಕರು ಹೆಚ್ಚಿನವರು ಹೋಗುತ್ತಾರೆ. ಮೂರಕ್ಕಿಂತ ಮೇಲೆ ಪೂರ್ತಿ ಪೆಟ್ಟಾದರೆ ವಪೆಯೂ ನಿಂತಿತು. ರೀವ್‌ಗೆ ಬಿದ್ದಿದ್ದು ಪ್ರೊಜೆಕ್ಟರ್ ಕಿಂಡಿಯ ಪೆಟ್ಟು.

ನಗಿಸಿದ ಗೆಳೆಯ, ನಿಲ್ಲಿಸಿದ ಹೆಂಡತಿ

ಗಂಟಲಲ್ಲಿ ತೂತು ಕೊರೆದು ಕೊಳವೆ ಹಾಕಿದರು. ಕೊಳವೆಗೆ ವೆಂಟಿಲೇಟರ್. ಅದು ಒತ್ತಿದಾಗ ಗಾಳಿ ಒಳಗೆ, ಬಿಟ್ಟಾಗ ಹೊರಗೆ. ತಲೆಬುರುಡೆಯನ್ನ ಕುತ್ತಿಗೆಗೆ ಮತ್ತೆ ಕೂಡಿಸೋ ದೊಡ್ಡ ಆಪರೇಷನ್ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾ. ಜಾನ್ ಜೇನ್ ಮಾಡಿದರು.

ಇನ್ನು ಬದುಕಿ ಏನು ಫಲ, ಕಳಿಸಿಕೊಟ್ಟುಬಿಡೋದೇ ವಾಸಿ ಅಂತ ರೀವ್ ಹೆಂಡತಿ ಡೇನಾಗೆ ಹೇಳಿದ. ತೀರ್ಮಾನ ನಿನ್ನದೇ, ಆದರೆ ನೀನು ಈಗಲೂ ನೀನೇ, ನನ್ನ ಪ್ರೀತಿಯೂ ಹಾಗೇ ಇದೆ ಅಂದಳು ಆಕೆ. ಆ ಮಾತೇ ಮುಂದೆ 1998ರಲ್ಲಿ ಬಂದ ಅವನ ಆತ್ಮಕಥೆ ‘ಸ್ಟಿಲ್ ಮಿ’ಯ ಹೆಸರಾಯಿತು.

ಇನ್ನೊಂದು ದಿನ ವಾರ್ಡಿಗೆ ಡಾಕ್ಟರ ಗೌನು ತೊಟ್ಟವನೊಬ್ಬ ನುಗ್ಗಿದ. ರಷ್ಯನ್ನರ ಧಾಟಿಯಲ್ಲಿ ಇಂಗ್ಲಿಷ್ ಮಾತಾಡುತ್ತಾ, ತಾನು ಹಿಂಭಾಗ ಪರೀಕ್ಷೆ ಮಾಡೋ ಡಾಕ್ಟರು, ಈಗಲೇ ಮಾಡಬೇಕು ಅಂದ! ಯಾರು ಅಂತೀರಾ? ಜೂಲಿಯಾರ್ಡ್ ನಾಟಕಶಾಲೆಯ ಸಹಪಾಠಿ, ಹಾಸ್ಯನಟ ರಾಬಿನ್ ವಿಲಿಯಮ್ಸ್! ಅಪಘಾತದ ನಂತರ ರೀವ್ ಮೊದಲ ಸಲ ನಕ್ಕಿದ್ದು ಅವತ್ತು.

ಯಂತ್ರದಿಂದ ಕದ್ದ ಉಸಿರು

ಅಲ್ಲಿಂದ ನ್ಯೂಜೆರ್ಸಿಯ ಕೆಸ್ಲರ್ ಮರುವಸತಿ ಕೇಂದ್ರಕ್ಕೆ. ಅಲ್ಲಿ ಅವನನ್ನ ಕಾಡಿದ ದೊಡ್ಡ ಭಯ ಯಾವುದು ಗೊತ್ತಾ? ರಾತ್ರಿ ವೆಂಟಿಲೇಟರಿನ ಪೈಪು ಕಳಚಿಕೊಂಡರೆ ಅನ್ನೋದು. ಕೈಯಿಂದ ಗಂಟೆ ಒತ್ತೋ ಹಾಗಿಲ್ಲ, ಬಾಯಲ್ಲಿ ಕೂಗೋ ಹಾಗಿಲ್ಲ. ಯಂತ್ರದ ಅಲಾರಂ ಕೇಳಿ ಯಾರಾದರೂ ಓಡಿ ಬರಬೇಕು. ಅಲ್ಲೀತನಕ? ಜಗತ್ತನ್ನ ಕಾಪಾಡಿದ ಹೀರೋ ಒಂದು ಪ್ಲಾಸ್ಟಿಕ್ ಪೈಪಿನ ಮರ್ಜಿಯಲ್ಲಿದ್ದ!

ಅದಕ್ಕೇ ಅವನು ಹಟ ಹಿಡಿದ. ದಿನಕ್ಕೆ ಸ್ವಲ್ಪ ಹೊತ್ತು ಯಂತ್ರ ಕಳಚಿ, ಸ್ವಂತ ಉಸಿರಾಡೋ ಅಭ್ಯಾಸ. ಮೊದಲ ದಿನ ಎಣಿಸಿ ಕೆಲವೇ ಉಸಿರು, ಅದೂ ಒಂದು ಗುಟುಕಿನಷ್ಟು ಗಾಳಿ. ಆಮೇಲೆ ಕೆಲವು ನಿಮಿಷ. ವರ್ಷದ ಕೊನೆಗೆ ಕೆಸ್ಲರ್ ಬಿಟ್ಟು ಮನೆಗೆ ಹೊರಡೋ ಹೊತ್ತಿಗೆ ಅರ್ಧ ಗಂಟೆ!

ವಪೆಗೆ ಅಪ್ಪಣೆ ಬರೋ ದಾರಿ ಕಡಿದಿದ್ದರೆ ಇದು ಹೇಗೆ ಸಾಧ್ಯವಾಯ್ತು? ಎರಡು ಕಾರಣ. ಕುತ್ತಿಗೆಯ ಸ್ನಾಯುಗಳಲ್ಲಿ ಮುಖ್ಯವಾದವಕ್ಕೆ ನರ ಬೇರೆ ದಾರಿ ಹಿಡಿದು, ತಲೆಬುರುಡೆಯ ಮೂಲಕ ಬರುತ್ತೆ. ಆದ್ದರಿಂದ ಎಷ್ಟು ಮೇಲೆ ಪೆಟ್ಟಾದರೂ ಅವು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಎಂದೋ ಬೇಕಾದಾಗ ಬಂದು ಹೋಗುತ್ತಿದ್ದ ಎಕ್ಸ್‌ಟ್ರಾ ನಟನೇ ಈಗ ಹೀರೋ ಪಾರ್ಟು ಮಾಡಬೇಕು! ಎರಡನೇದು, ಬೆನ್ನುಹುರಿ ಪೂರ್ತಿ ತುಂಡಾಗಿರಲಿಲ್ಲ, ಒಂದಷ್ಟು ಎಳೆ ಉಳಿದಿತ್ತು.

1996ರ ಮಾರ್ಚ್ 25ರಂದು ಲಾಸ್ ಏಂಜಲಿಸ್‌ನ ಆಸ್ಕರ್ ವೇದಿಕೆಯಲ್ಲಿ ಪರದೆ ಸರಿದಾಗ ಗಾಲಿಕುರ್ಚಿಯಲ್ಲಿ ರೀವ್! ಸಭೆಗೆ ಸಭೆಯೇ ಎದ್ದು ನಿಂತಿತು. ಚಪ್ಪಾಳೆ ನಿಲ್ಲೋ ಹಾಗೇ ಇಲ್ಲ. ಹೋದ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಬಿಟ್ಟವನು ಇವತ್ತು ಬೆಳಿಗ್ಗೆ ಬಂದು ತಲುಪಿದೆ ಅಂತ ಜೋಕ್ ಮಾಡಿದ. ಆ ಭಾಷಣದ ವಿಡಿಯೋ ಸಿಕ್ಕರೆ ಗಮನಿಸಿ ಕೇಳಿ. ಎರಡು ಮಾತು, ಒಂದು ನಿಲುಗಡೆ. ಮತ್ತೆ ಎರಡು ಮಾತು. ಅದು ಡೈಲಾಗ್ ಡೆಲಿವರಿಯ ಸ್ಟೈಲಲ್ಲ. ಯಂತ್ರ ಗಾಳಿ ಕೊಟ್ಟಾಗ ಮಾತು, ಕೊಡದಾಗ ಮೌನ. ಯಂತ್ರದ ತಾಳಕ್ಕೆ ಡೈಲಾಗ್ ಹೇಳೋದನ್ನ ಅವನು ಹೊಸದಾಗಿ ಕಲಿತಿದ್ದ.

1997ರಲ್ಲಿ ‘ಇನ್ ದ ಗ್ಲೋಮಿಂಗ್’ ನಿರ್ದೇಶಿಸಿದ. 1998ರಲ್ಲಿ ಹಿಚ್‌ಕಾಕ್‌ನ ‘ರಿಯರ್ ವಿಂಡೋ’ವನ್ನ ಟೀವಿಗೆ ಹೊಸದಾಗಿ ತೆಗೆದಾಗ ಅವನೇ ಹೀರೋ, ವೆಂಟಿಲೇಟರ್ ಸಮೇತ! ನಟರ ಸಂಘದ ಶ್ರೇಷ್ಠ ನಟ ಪ್ರಶಸ್ತಿ ಬಂತು.

ಶಿಳ್ಳೆ ಹೊಡೆಯಲಾಗದ ಅಭಿಮಾನಿ

ಹಾಲಿವುಡ್ ಹೀರೋಗೆ ದುಡ್ಡಿತ್ತು, ದಾದಿಯರಿದ್ದರು. ನಮ್ಮವರ ಕಥೆ? ಅದನ್ನ ನೋಡೋಕೆ ಬೆಂಗಳೂರಿನ ಒಂದು ಮರುವಸತಿ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ಸಿಕ್ಕಿದ ಹುಡುಗ ಮಂಡ್ಯ ಕಡೆಯವನು. ಹೆಸರು ಬೇಡ. ವಯಸ್ಸು ಇಪ್ಪತ್ತೆರಡು. ಗೆಳೆಯರ ಜೊತೆ ವಿ.ಸಿ. ನಾಲೆಗೆ ಈಜೋಕೆ ಹೋದವನು ಮೇಲಿಂದ ತಲೆಕೆಳಗಾಗಿ ಧುಮುಕಿದ್ದ.

“ದಿನಾ ಹಾರ್ತಿದ್ದ ಜಾಗನೇ ಕಣಣ್ಣ... ಅವತ್ತು ನೀರು ಕಮ್ಮಿ ಇತ್ತು” ಅಂದ. ಆ ಒಂದು ಮಾತಿಗೆ ನಡುವೆ ಉಸಿರು ತಗೊಂಡ.

ಪೆಟ್ಟು ಕುತ್ತಿಗೆಯ ಐದು-ಆರನೇ ಮೂಳೆಯ ಹತ್ತಿರ. ವಪೆ ಉಳಿದಿತ್ತು, ಹಾಗಾಗಿ ವೆಂಟಿಲೇಟರ್ ಬೇಕಾಗಿರಲಿಲ್ಲ. ಆದರೆ ಪಕ್ಕೆ, ಹೊಟ್ಟೆ ಎರಡೂ ಹೋಗಿದ್ದವು. ಅವನು ಉಸಿರು ಎಳೆದಾಗ ಹೊಟ್ಟೆ ಉಬ್ಬುತ್ತಿತ್ತು, ಎದೆಯ ಮೇಲ್ಭಾಗ ಒಳಕ್ಕೆ ಕುಸಿಯುತ್ತಿತ್ತು! ನಮಗೆ ಆಗೋದಕ್ಕೆ ಉಲ್ಟಾ. ಇನ್ನೊಂದು ವಿಚಿತ್ರ: ನಮಗೆ ದಮ್ಮು ಬಂದರೆ ಎದ್ದು ಕೂರುತ್ತೇವೆ. ಅವನಿಗೆ ಮಲಗಿದಾಗಲೇ ಆರಾಮ, ಕೂರಿಸಿದರೆ ಕಷ್ಟ! ಯಾಕೆಂದರೆ ಕೂತಾಗ ಬಿಗಿಯಿಲ್ಲದ ಹೊಟ್ಟೆ ಮುಂದಕ್ಕೆ ಜೋತುಬೀಳುತ್ತೆ, ವಪೆ ಕೆಳಗೇ ಉಳಿಯುತ್ತೆ. ಮೇಲೇರದ ವಪೆ ಇಳಿಯೋದಾದರೂ ಎಲ್ಲಿಗೆ? ಅದಕ್ಕೇ ಕೂರಿಸುವಾಗ ಹೊಟ್ಟೆಗೆ ಅಗಲವಾದ ಬೆಲ್ಟು ಬಿಗಿಯುತ್ತಾರೆ.

“ಇವರಿಗೆ ಶತ್ರು ಉಸಿರು ಅಲ್ಲ, ಕಫ” ಅಂದರು ಅಲ್ಲಿನ ಫಿಸಿಯೋಥೆರಪಿಸ್ಟ್ ಮೇಡಂ. ನಾವು ಕ್ಯಾರೇ ಅನ್ನದೆ ಕೆಮ್ಮಿ ಉಗಿಯೋ ಕಫ ಇವರ ಎದೆಯಲ್ಲೇ ಕೂತು ನ್ಯುಮೋನಿಯಾ ಆಗುತ್ತೆ. ಬೆನ್ನುಹುರಿ ಪೆಟ್ಟಿನವರನ್ನ ಜಗತ್ತಿನಾದ್ಯಂತ ಹೆಚ್ಚಾಗಿ ಬಲಿ ತಗೊಳ್ಳೋದು ಇಂಥ ಎದೆಯ ಕಾಯಿಲೆಗಳೇ.

ನಾನು ನೋಡ್ತಿದ್ದ ಹಾಗೇ ಹುಡುಗನಿಗೆ ಕಫ ಕಟ್ಟಿತು. ಅವನ ಅಣ್ಣ ಪಕ್ಕದಲ್ಲೇ ಇದ್ದ, ಟ್ರ್ಯಾಕ್ಟರ್ ಓಡಿಸೋ ಆಳು. ತಮ್ಮನ ಪಕ್ಕೆಲುಬಿನ ಕೆಳಗೆ ಎರಡೂ ಅಂಗೈ ಇಟ್ಟ. “ಎಳ್ಕೊಳಪ್ಪಾ... ಹೂಂ, ಈಗ” ಅಂದ. ತಮ್ಮ ಕೆಮ್ಮಿದ ಆ ಕ್ಷಣಕ್ಕೇ ಸರಿಯಾಗಿ ಒಳಕ್ಕೂ ಮೇಲಕ್ಕೂ ಒತ್ತಿದ. ಕಫ ಬಂತು. ಹೊಟ್ಟೆಯ ಸ್ನಾಯು ಮಾಡಬೇಕಾದ ಕೆಲಸವನ್ನ ಅಣ್ಣನ ಕೈ ಮಾಡಿತು! ಇದನ್ನ ಮನೆಯವರಿಗೆ ಅಲ್ಲಿ ಹೇಳಿಕೊಡುತ್ತಾರೆ. ಪೈಸೆ ಖರ್ಚಿಲ್ಲ. ಆದರೆ ಕಲಿಯದೆ ಕೈ ಹಾಕುವ ಹಾಗಿಲ್ಲ.

ಆಮೇಲೆ ಕಸರತ್ತು. ಮೂರು ಬಣ್ಣದ ಚೆಂಡುಗಳ ಪ್ಲಾಸ್ಟಿಕ್ ಪೆಟ್ಟಿಗೆ, ಆಸ್ಪತ್ರೆಗಳಲ್ಲಿ ನೋಡಿರುತ್ತೀರಿ. ಕೊಳವೆಯಲ್ಲಿ ಗಾಳಿ ಎಳೆದರೆ ಚೆಂಡು ಮೇಲೇರುತ್ತೆ. ಇನ್ನೊಂದು ಸಾಧನದಲ್ಲಿ ಸ್ಪ್ರಿಂಗು ಬಿಗಿ ಮಾಡಿ ಎಳೆಯಬೇಕು. ಡಂಬೆಲ್ಸ್ ಎತ್ತಿದರೆ ತೋಳು ಬರೋ ಹಾಗೆ, ಭಾರಕ್ಕೆದುರಾಗಿ ಎಳೆದರೆ ಉಳಿದಿರೋ ಉಸಿರಿನ ಸ್ನಾಯುಗಳೂ ಬಲಿಯುತ್ತವೆ. ಜಿಮ್‌ನಲ್ಲಿ ಬೆಂಚ್ ಪ್ರೆಸ್ ಹೊಡೆದು ಬೆಳೆಸ್ತೀವಲ್ಲ ಎದೆಯ ಮೇಲ್ಭಾಗದ ಸ್ನಾಯು, ಅದರ ನರ ಈ ಹುಡುಗನಂಥವರಲ್ಲಿ ಒಂದಿಷ್ಟು ಉಳಿದಿರುತ್ತೆ. ಕೆಮ್ಮುವಾಗ ಪಕ್ಕೆಲುಬನ್ನ ಒತ್ತೋ ಕೆಲಸ ಅದರಿಂದಲೂ ಆಗುತ್ತೆ. ‘ಕಾಮನಬಿಲ್ಲು’ (1983) ಚಿತ್ರದಲ್ಲಿ ಅಣ್ಣಾವ್ರು ಯೋಗಾಸನ ಹಾಕೋದನ್ನ ನೋಡಿ ನಾವು ಬೆರಗಾಗಿದ್ದೇವೆ. ಇವನು ಒಂದು ಪ್ಲಾಸ್ಟಿಕ್ ಚೆಂಡನ್ನ ಮೇಲೇರಿಸೋದೂ ಅದಕ್ಕೆ ಕಡಿಮೆ ಸಾಧನೆಯಲ್ಲ ಅನ್ನಿಸಿತು ನನಗೆ.

“ನಿಂಗೇನು ಆಸೆ?” ಅಂತ ಕೇಳಿದೆ. ನಡೆಯಬೇಕು ಅಂತಾನೆ ಅಂದುಕೊಂಡಿದ್ದೆ.

“ಫಸ್ಟ್ ಡೇ ಫಸ್ಟ್ ಷೋಲಿ... ಒಂದು ಶಿಳ್ಳೆ ಹೊಡೀಬೇಕಣ್ಣ” ಅಂದ.

ಬೆರಳು ಬಾಯಿಗೆ ಇಟ್ಟುಕೊಳ್ಳೋಕೆ ಆಗಲ್ಲ. ಬರೀ ತುಟಿಯಲ್ಲೇ ಪ್ರಯತ್ನಿಸಿ ತೋರಿಸಿದ. ಗಾಳಿಯೇ ಹೆಚ್ಚು, ಶಬ್ದ ಕಮ್ಮಿ. ಆದರೂ ಪಕ್ಕದ ಮಂಚದವನು ತಲೆ ತಿರುಗಿಸಿ ನೋಡಿದ!

ಕಾಫಿಯ ವಾಸನೆ ಮರಳಿ ಬಂತು

ಮತ್ತೆ ರೀವ್ ಕಡೆಗೆ ಬರೋಣ. 2003ರ ಫೆಬ್ರವರಿ 25ರಂದು ‘ಸ್ಮಾಲ್‌ವಿಲ್’ ಎಂಬ ಟೀವಿ ಧಾರಾವಾಹಿಯಲ್ಲಿ ಅವನು ಅತಿಥಿ ನಟನಾಗಿ ಕಾಣಿಸಿಕೊಂಡ. ಸೂಪರ್‌ಮ್ಯಾನ್‌ನ ಹುಡುಗುಪ್ರಾಯದ ಕಥೆ ಅದು! ಅದಾದ ಮೂರನೇ ದಿನ, ಫೆಬ್ರವರಿ 28ಕ್ಕೆ ಕ್ಲೀವ್‌ಲ್ಯಾಂಡ್‌ನ ಯೂನಿವರ್ಸಿಟಿ ಆಸ್ಪತ್ರೆಯಲ್ಲಿ ಆಪರೇಷನ್ ಟೇಬಲ್ ಮೇಲಿದ್ದ.

ಡಾ. ರೇಮಂಡ್ ಆಂಡರ್ಸ್ ಹೊಟ್ಟೆಯಲ್ಲಿ ಸಣ್ಣ ಸಣ್ಣ ತೂತು ಮಾಡಿ ವಪೆಗೆ ತಂತಿಗಳನ್ನ ಹೊಲಿದರು. ಹೊರಗಿನ ಪುಟ್ಟ ಬ್ಯಾಟರಿ ಪೆಟ್ಟಿಗೆಯಿಂದ ತಾಳಕ್ಕೆ ಸರಿಯಾಗಿ ಸಣ್ಣ ಕರೆಂಟು. ಕರೆಂಟು ಬಂದಾಗ ವಪೆ ಕೆಳಗಿಳಿಯುತ್ತೆ, ನಿಂತಾಗ ಮೇಲೇರುತ್ತೆ. ಮಿದುಳಿನ ಅಪ್ಪಣೆ ಇಲ್ಲದಿದ್ದರೇನು, ಬ್ಯಾಟರಿಯ ಅಪ್ಪಣೆ! ಒಂದೇ ಷರತ್ತು, ವಪೆಯ ನರ ಸತ್ತಿರಬಾರದು. ವರ್ಷಗಟ್ಟಲೆ ದುಡಿಯದ ಸ್ನಾಯು ಸೊರಗಿರುತ್ತೆ, ಅದಕ್ಕೇ ಮೊದಮೊದಲು ದಿನಕ್ಕೆ ಕೆಲವೇ ನಿಮಿಷ, ಆಮೇಲೆ ಗಂಟೆಗಳ ಲೆಕ್ಕ. ಅಮೆರಿಕದ ಸರ್ಕಾರ 2008ರಲ್ಲಿ ಈ ಸಾಧನಕ್ಕೆ ಒಪ್ಪಿಗೆ ಕೊಟ್ಟಿತು.

ಆಪರೇಷನ್ ನಂತರ ರೀವ್ ಖುಷಿಯಿಂದ ಹೇಳಿಕೊಂಡ ಸಂಗತಿ ಯಾವುದು ಗೊತ್ತಾ? ಕಾಫಿಯ ವಾಸನೆ! ಎಂಟು ವರ್ಷ ಗಾಳಿ ಗಂಟಲ ತೂತಿನಿಂದಲೇ ಓಡಾಡಿತ್ತು, ಮೂಗಿಗೆ ಕೆಲಸವೇ ಇರಲಿಲ್ಲ. ಈಗ ಉಸಿರು ಮೂಗಿನಿಂದ ಹೋಯಿತು, ಜೊತೆಗೆ ವಾಸನೆಯೂ ಬಂತು.

ಆದರೆ ಇದು ಕೊನೆಯ ರೀಲಿನಲ್ಲಿ ಎಲ್ಲ ಸರಿಹೋಗೋ ಕಥೆಯಲ್ಲ. ಐವತ್ತು ತುಂಬೋದರೊಳಗೆ ಎದ್ದು ನಡೀತೀನಿ ಅಂದಿದ್ದ ರೀವ್ ನಡೆಯಲಿಲ್ಲ. ಹಾಸಿಗೆ ಹುಣ್ಣಿನ ಸೋಂಕಿಗೆ ಚಿಕಿತ್ಸೆ ನಡೆಯುತ್ತಿದ್ದಾಗ ಹೃದಯ ನಿಂತು 2004ರ ಅಕ್ಟೋಬರ್ 10ರಂದು ತೀರಿಕೊಂಡ. ವಯಸ್ಸು 52. ಸಿಗರೇಟು ಮುಟ್ಟದ ಡೇನಾ 2006ರಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದಳು. ಅವರ ಬದುಕಿನ ಸಾಕ್ಷ್ಯಚಿತ್ರ ‘ಸೂಪರ್/ಮ್ಯಾನ್’ 2024ರಲ್ಲಿ ಬಂದಿದೆ. ಸಿಕ್ಕರೆ ಬಿಡಬೇಡಿ.

ನಮ್ಮ ಕೈಲಿರೋ ಪಾರ್ಟು

ಕ್ಲೀವ್‌ಲ್ಯಾಂಡಿಗೆ ಹೋಗೋಕೆ ನಮ್ಮ ಕೈಲಾಗಲ್ಲ. ಮನೆಯಲ್ಲಿ ವೆಂಟಿಲೇಟರ್ ಇಟ್ಟುಕೊಂಡು, ಕರೆಂಟು ಹೋದಾಗ ಅದನ್ನ ಕಾಯೋದು ನಮ್ಮಲ್ಲಿ ಎಷ್ಟು ಜನಕ್ಕೆ ಸಾಧ್ಯ? ಆದರೆ ರಸ್ತೆಯಲ್ಲಿ, ನಾಲೆಯ ದಡದಲ್ಲಿ ಮೊದಲ ಐದು ನಿಮಿಷದ ಸೀನು ನಮ್ಮದೇ.

ಬೈಕಿನವನು ಬಿದ್ದ. ಜನ ಸೇರಿದರು. ಒಬ್ಬ ಕಂಕುಳಿಗೆ ಕೈ ಹಾಕಿದ, ಇನ್ನೊಬ್ಬ ಕಾಲು ಹಿಡಿದ, ಮಡಚಿ ಆಟೋಗೆ ತುಂಬಿದರು. ಮತ್ತೊಬ್ಬ ಕತ್ತೆತ್ತಿ ಬಾಯಿಗೆ ಸೋಡಾ ಸುರಿದ. ಎಲ್ಲರದೂ ಒಳ್ಳೇ ಮನಸ್ಸೇ. ಆದರೆ ಮುರಿದ ಮೂಳೆ ಆ ಎಳೆದಾಟದಲ್ಲೇ ಬೆನ್ನುಹುರಿಯನ್ನ ಇನ್ನಷ್ಟು ಜಜ್ಜಬಹುದು. ಅಲ್ಲೀವರೆಗೆ ಆಡುತ್ತಿದ್ದ ಉಸಿರು ಅಲ್ಲೇ ನಿಲ್ಲಬಹುದು!

ಮಾಡಬೇಕಾದ್ದು ಇಷ್ಟೇ. 108ಕ್ಕೆ ಫೋನು. ಒಬ್ಬ ತಲೆಯ ಹತ್ತಿರ ಕೂತು, ಎರಡೂ ಕೈಯಲ್ಲಿ ತಲೆಯನ್ನ ಅಲುಗದ ಹಾಗೆ ನೇರವಾಗಿ ಹಿಡಿಯಲಿ. ನೀರು, ಸೋಡಾ ಏನೂ ಬೇಡ. ಹೆಲ್ಮೆಟ್ ಕಿತ್ತು ಎಳೆಯಬೇಡಿ. ಬೆಂಕಿ, ವಾಹನದಂಥ ಅಪಾಯ ಇದ್ದು ಸರಿಸಲೇಬೇಕಾದರೆ ನಾಲ್ಕೈದು ಜನ ಸೇರಿ, ತಲೆ-ಕುತ್ತಿಗೆ-ಬೆನ್ನು ಒಂದೇ ಹಲಗೆಯ ಹಾಗೆ ಸರಿಸಿ. ಉಸಿರೇ ನಿಂತಿದ್ದರೆ ಮಾತ್ರ ಉಸಿರಿಗೇ ಮೊದಲ ಪಾಳಿ. ಪೊಲೀಸ್ ಕೇಸು ಅಂತ ಹೆದರಬೇಡಿ. 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಲ್ಲಿ ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಇದೆ.

ನಾಲೆಗೋ ಬಾವಿಗೋ ಇಳಿಯೋ ಮುಂಚೆ ಆಳ ನೋಡಿ. ನಿನ್ನೆ ಇದ್ದ ನೀರು ಇವತ್ತು ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ತಲೆಕೆಳಗಾಗಿ ಹಾರೋ ಸ್ಟೈಲು ಸಿನಿಮಾದವರಿಗೆ ಬಿಡಿ, ಅವರಿಗೆ ಕೆಳಗೆ ಬಲೆ ಕಟ್ಟಿರುತ್ತಾರೆ.

ಈ ಪುಟ ಓದಿ ಮುಗಿಸೋ ಹೊತ್ತಿಗೆ ನೀವು ನೂರಾರು ಸಲ ಉಸಿರಾಡಿರುತ್ತೀರಿ. ಒಂದನ್ನಾದರೂ ಎಣಿಸಿದಿರಾ? ರೀವ್ ಎಣಿಸುತ್ತಿದ್ದ. ಮಂಡ್ಯದ ಹುಡುಗ ಈಗಲೂ ಎಣಿಸುತ್ತಿದ್ದಾನೆ. ಮುಂದಿನ ಸಲ ನಿಮ್ಮ ಹೀರೋ ತೆರೆ ಮೇಲೆ ಬಂದಾಗ ಶಿಳ್ಳೆ ಜೋರಾಗೇ ಹೊಡೀರಿ. ಬಸ್ಸು ಬಂತೇನೋ... ಹತ್ತಿ, ಫುಟ್‌ಬೋರ್ಡ್ ಮೇಲೆ ಮಾತ್ರ ನಿಲ್ಲಬೇಡಿ!